ಜಪಾನಿ ಕರ್ರಿ ಬಿಲ್ಲೆ: ಖಾರ ಕಡಿಮೆ ಇದ್ದರೆ ಸಾಲದು, ಹೊಟ್ಟೆಗೂ ಆಗಿಬರಬೇಕು

ಹೊಟ್ಟೆ ಸೂಕ್ಷ್ಮ ಇರುವವರಿಗೆ ಶಿರಸಿ ಕಡೆ ಗಂಜಿ, ತಂಬುಳಿ ಇದ್ದೇ ಇದೆ. ಆದರೆ ದಿನಾ ಪಥ್ಯದ ಊಟವೇ ಆದರೆ ಬಾಯಿ ಕೆಡುತ್ತದೆ. ಖಾರವಿಲ್ಲದ, ಮಂದಗಿರುವ, ಮಸಾಲೆ ಪರಿಮಳವೂ ಇರುವ ಜಪಾನಿ ಕರ್ರಿ ಅಂಥವರಿಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಇದನ್ನು ಮಾಡುವ ಸುಲಭದ ದಾರಿ, ಹಿಟ್ಟು, ಕೊಬ್ಬು, ಮಸಾಲೆ ಸೇರಿಸಿ ಗಟ್ಟಿ ಮಾಡಿ, ಚಾಕೊಲೇಟಿನ ಹಾಗೆ ಗೆರೆ ಹಾಕಿದ ಕರ್ರಿ ಬಿಲ್ಲೆಗಳ ಪೆಟ್ಟಿಗೆ ತರಿಸುವುದು. ಆನ್‌ಲೈನ್‌ನಲ್ಲಿ ಹೆಚ್ಚಾಗಿ ಕಾಣುವ ಎರಡು ಹೆಸರು ಎಸ್ ಆಂಡ್ ಬಿ ಕಂಪನಿಯ ಗೋಲ್ಡನ್ ಕರ್ರಿ ಮತ್ತು ಹೌಸ್ ಫುಡ್ಸ್‌ನ ವರ್ಮಾಂಟ್ ಕರ್ರಿ. ಎರಡರಲ್ಲೂ ‘ಮೈಲ್ಡ್’ ಅಂತ ಬರೆದ ಪೆಟ್ಟಿಗೆ ಬರುತ್ತದೆ. ಅವನ್ನು ರುಚಿಗಿಂತ ಹೊಟ್ಟೆಯ ಕಡೆಯಿಂದ ನೋಡುವ ವಿಮರ್ಶೆ ಇದು.

ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ. ಖಾರ ಮಾತ್ರ ಆಗದವರಿಗೆ ಎರಡೂ ಚೆನ್ನಾಗಿವೆ. ಹೊಟ್ಟೆಯುಬ್ಬರ, ವಾಯು, ಪದೇ ಪದೇ ಹೊಟ್ಟೆನುಲಿತ ಇರುವವರು, ಅಂದರೆ ವೈದ್ಯರು ಐಬಿಎಸ್ ಅನ್ನುವ ತೊಂದರೆಯವರು, ವರ್ಮಾಂಟ್ ಬಿಡುವುದೇ ಒಳ್ಳೆಯದು. ಗೋಲ್ಡನ್ ಕರ್ರಿಯನ್ನು ಹೇಳಿದ ಅಳತೆಯ ಅರ್ಧ ಹಾಕಿ ಮಾಡಬಹುದು. ಗೋಧಿಯೇ ಆಗದವರಿಗೆ ಇವೆರಡೂ ಉಪಯೋಗವಿಲ್ಲ, ಅಕ್ಕಿಹಿಟ್ಟಿನಲ್ಲಿ ಮನೆಯಲ್ಲೇ ಮಾಡಿಕೊಂಡದ್ದೇ ದಾರಿ.

ಕಾರಣ ಪೆಟ್ಟಿಗೆಯ ಮೇಲೇ ಇದೆ. ಜಪಾನಿನ ಪೆಟ್ಟಿಗೆಗಳಲ್ಲಿ 1ರಿಂದ 5ರವರೆಗೆ ಖಾರದ ಅಳತೆ ಹಾಕಿರುತ್ತಾರೆ. ಆ ಅಳತೆ ಮೆಣಸಿನ ಖಾರಕ್ಕೆ ಮಾತ್ರ. ಸೂಕ್ಷ್ಮ ಹೊಟ್ಟೆ ಕೆಡುವುದು ಮೆಣಸಿನಿಂದ ಮಾತ್ರ ಅಲ್ಲ; ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿರುವ ಫ್ರಕ್ಟಾನ್ ಎಂಬ ಜೀರ್ಣವಾಗದ ಸಕ್ಕರೆ ಸರಪಳಿ, ಸೇಬು ಮತ್ತು ಜೇನಿನ ಹೆಚ್ಚುವರಿ ಫ್ರಕ್ಟೋಸ್, ಹಾಲಿನ ಲ್ಯಾಕ್ಟೋಸ್, ಇವೂ ಕಾರಣ. ಇವು ಸಣ್ಣ ಕರುಳಿನಲ್ಲಿ ಪೂರ್ತಿ ಹೀರಿಕೆಯಾಗದೆ ದೊಡ್ಡ ಕರುಳಿಗೆ ಇಳಿಯುತ್ತವೆ, ಜೊತೆಗೆ ನೀರನ್ನೂ ಎಳೆದುಕೊಳ್ಳುತ್ತವೆ. ಅಲ್ಲಿ ಬ್ಯಾಕ್ಟೀರಿಯಾ ಅವನ್ನು ಹುಳಿಸಿದಾಗ ಗಾಳಿ ತುಂಬುತ್ತದೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ಇಂಥ ಪದಾರ್ಥಗಳನ್ನು ಫಾಡ್‌ಮ್ಯಾಪ್ ಅಂತ ಒಟ್ಟುಗೂಡಿಸಿ ಪಥ್ಯವೊಂದನ್ನು ರೂಪಿಸಿದ್ದು ಇದೇ ಕಾರಣಕ್ಕೆ.

ಈ ಲೆಕ್ಕದಲ್ಲಿ ವರ್ಮಾಂಟ್ ಪೆಟ್ಟಿಗೆ ತಿರುಗಿಸಿ ನೋಡಿ. 1963ರಲ್ಲಿ ಬಂದ ಈ ಕರ್ರಿಯ ಹೆಗ್ಗಳಿಕೆಯೇ ಸೇಬು ಮತ್ತು ಜೇನು. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಸೇಬಿನ ವಿನೆಗರ್ ಮತ್ತು ಜೇನು ಕುಡಿಯುವ ಮನೆಮದ್ದಿತ್ತು. ಹೆಸರು ಬಂದದ್ದು ಅಲ್ಲಿಂದ. ಮಕ್ಕಳು ಇಷ್ಟಪಡುವ ಸಿಹಿ ರುಚಿ, ನುಣ್ಣಗಿನ ಗೊಜ್ಜು, ಖಾರ ಹೆಸರಿಗಷ್ಟೇ. ಆದರೆ ಪದಾರ್ಥಗಳ ಪಟ್ಟಿಯಲ್ಲಿ ಸೇಬು, ಜೇನು, ಈರುಳ್ಳಿ ಪುಡಿ, ಬೆಳ್ಳುಳ್ಳಿ ಪುಡಿ, ಹಾಲಿನ ಅಂಶ, ಗೋಧಿ ಹಿಟ್ಟು, ಎಲ್ಲವೂ ಒಟ್ಟಿಗೆ ಇವೆ. ಒಂದೊಂದು ಸ್ವಲ್ಪವೇ ಇದ್ದರೂ ಇವುಗಳ ಪರಿಣಾಮ ಕೂಡುತ್ತಾ ಹೋಗುತ್ತದೆ. ನಾಲಿಗೆಗೆ ಎರಡರಲ್ಲಿ ಹೆಚ್ಚು ಮೆತ್ತಗಿನ ಪೆಟ್ಟಿಗೆಯೇ ಕರುಳಿಗೆ ಹೆಚ್ಚು ಭಾರ.

ಸಸ್ಯಾಹಾರಿಗಳು ಇನ್ನೊಂದು ವಿಷಯ ಗಮನಿಸಬೇಕು. ಜಪಾನಿನೊಳಗೆ ಮಾರುವ ವರ್ಮಾಂಟ್ ಪೆಟ್ಟಿಗೆಯಲ್ಲಿ ದನ ಮತ್ತು ಹಂದಿಯ ಕೊಬ್ಬು ಸೇರಿರುತ್ತದೆ. ಬೇರೆ ದೇಶಗಳಿಗೆ ಹೋಗುವ ಪೆಟ್ಟಿಗೆಯ ಪಟ್ಟಿ ಬೇರೆ ಇರಬಹುದು. ಹೊರಗಿನ ಚಿತ್ರ ಒಂದೇ ತರಹ ಕಂಡರೂ ಒಳಗಿನದು ಒಂದೇ ಅಂದುಕೊಳ್ಳಬೇಡಿ. ಆಮದಾದ ಪೆಟ್ಟಿಗೆಗೆ ನಮ್ಮಲ್ಲಿ ಅಂಟಿಸುವ ಚೀಟಿಯಲ್ಲಿ ಹಸಿರು ಚುಕ್ಕೆ ಇದೆಯೋ, ಕಂದು ತ್ರಿಕೋನ ಇದೆಯೋ ನೋಡಿಯೇ ಕೊಳ್ಳಿ. ಚೀಟಿಯೇ ಇಲ್ಲದ ಪೆಟ್ಟಿಗೆ ಬೇಡ.

ಗೋಲ್ಡನ್ ಕರ್ರಿ ಬಂದದ್ದು 1966ರಲ್ಲಿ. ಎಸ್ ಆಂಡ್ ಬಿ 1923ರಿಂದ ಕರ್ರಿ ಪುಡಿ ತಯಾರಿಸುತ್ತಿರುವ ಕಂಪನಿ, ಮಸಾಲೆಯ ಹದ ಅವರಿಗೆ ಕೈವಶ. ಜಪಾನಿಗೆ ಕರ್ರಿ ಹೋದದ್ದು ನಮ್ಮಲ್ಲಿಂದ ನೇರವಾಗಿ ಅಲ್ಲ, ಬ್ರಿಟಿಷರ ಕೈಯಿಂದ. ಹಿಟ್ಟು ಹುರಿದು ಮಂದ ಮಾಡುವ ರೀತಿ ಆ ದಾರಿಯಲ್ಲೇ ಸೇರಿಕೊಂಡಿತು. ಅಲ್ಲಿನ ನೌಕಾಪಡೆಯಲ್ಲಿ ಇಂದಿಗೂ ಶುಕ್ರವಾರ ಕರ್ರಿ ಊಟ. ಕದಂಬ ನೌಕಾನೆಲೆಯ ಊರಾದ ಕಾರವಾರದವರಿಗೆ ಇದು ಹಿಡಿಸುವ ಸಂಗತಿ. ರಫ್ತಿನ ಗೋಲ್ಡನ್ ಪೆಟ್ಟಿಗೆಯ ಮಸಾಲೆ ಪಟ್ಟಿಯಲ್ಲಿ ಅರಿಶಿನ, ಕೊತ್ತಂಬರಿ, ಮೆಂತ್ಯ, ಜೀರಿಗೆ, ಕಿತ್ತಳೆ ಸಿಪ್ಪೆ, ಬಡೆಸೋಂಪು, ದಾಲ್ಚಿನ್ನಿ, ಶುಂಠಿ, ಲವಂಗ, ಜಾಯಿಕಾಯಿ, ಏಲಕ್ಕಿ ಕಾಣುತ್ತವೆ. ಈರುಳ್ಳಿಯನ್ನು ಅದರಲ್ಲಿ ಬೇರೆಯಾಗಿ ಹೆಸರಿಸಿಲ್ಲ, ಆದರೆ ಬೆಳ್ಳುಳ್ಳಿ ಇರಬಹುದು. ಸೂಕ್ಷ್ಮ ಹೊಟ್ಟೆಯ ದೃಷ್ಟಿಯಿಂದ ಈರುಳ್ಳಿ ಕಾಣದಿರುವುದು ಇದರ ಒಂದು ಗುಣ. ಆದರೂ ಪ್ರತಿ ಸಲ ಪಟ್ಟಿ ಓದಿ, ತಯಾರಾದ ದೇಶ ಬದಲಾದರೆ ಪಟ್ಟಿಯೂ ಬದಲಾಗಬಹುದು.

ಉಳಿದ ತೊಡಕು ಮೂರು: ಗೋಧಿ, ಕೊಬ್ಬು, ಉಪ್ಪು. 100 ಗ್ರಾಂ ಬಿಲ್ಲೆಯಲ್ಲಿ ಸುಮಾರು ಮೂರನೇ ಒಂದು ಪಾಲು ಕೊಬ್ಬು, ಹತ್ತನೇ ಒಂದು ಪಾಲಿನ ಆಸುಪಾಸು ಉಪ್ಪು. ಒಬ್ಬರ ಪಾಲಿಗೆ 20 ಗ್ರಾಂ ಬಿಲ್ಲೆ ಅಂತಿಟ್ಟುಕೊಂಡರೂ ಸುಮಾರು 2 ಗ್ರಾಂ ಉಪ್ಪಾಯಿತು. ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಎದೆಯುರಿ, ಹುಳಿತೇಗು ಇರುವವರಿಗೆ ಕೊಬ್ಬಿನದೇ ಚಿಂತೆ. ಜಿಡ್ಡು ಹೆಚ್ಚಾದಷ್ಟೂ ಊಟ ಹೊಟ್ಟೆಯಲ್ಲೇ ಹೆಚ್ಚು ಹೊತ್ತು ಕೂರುತ್ತದೆ. ಅಂಥವರು ಇದನ್ನು ಮಧ್ಯಾಹ್ನಕ್ಕೆ ಮಾಡಿಕೊಳ್ಳಿ, ರಾತ್ರಿ ಊಟಕ್ಕೆ ಬೇಡ.

ಹಾಗಾಗಿ ಅರ್ಧ ಬಿಲ್ಲೆಯ ಲೆಕ್ಕ. ಸಾಮಾನ್ಯ ಪ್ರಮಾಣ 100 ಗ್ರಾಂ ಬಿಲ್ಲೆಗೆ 650–700 ಮಿಲಿ ನೀರು. ನೀರು ಅಷ್ಟೇ ಇಟ್ಟು ಬಿಲ್ಲೆ 50 ಗ್ರಾಂ ಮಾತ್ರ ಹಾಕಿ. ಕಡಿಮೆಯಾದ ಮಂದಕ್ಕೆ 15 ಗ್ರಾಂ ಅಕ್ಕಿಹಿಟ್ಟನ್ನು 60 ಮಿಲಿ ತಣ್ಣೀರಿನಲ್ಲಿ ಕದಡಿ ಸೇರಿಸಿ. ಗೋಧಿ, ಜಿಡ್ಡು, ಉಪ್ಪು ಮೂರೂ ಒಂದೇ ಏಟಿಗೆ ಅರ್ಧಕ್ಕಿಳಿಯುತ್ತವೆ. ಪರಿಮಳ ತುಸು ತೆಳುವಾಗುತ್ತದೆ, ನಿಜ. ಅದಕ್ಕೆ ಕೊನೆಯಲ್ಲಿ ಅರ್ಧ ಚಮಚ ಹುರಿದ ಜೀರಿಗೆ–ಕೊತ್ತಂಬರಿ ಪುಡಿ ಹಾಕಿದರೆ ಸರಿಹೋಗುತ್ತದೆ.

ಬಿಲ್ಲೆ ಹಾಕುವ ಹೊತ್ತು ಬಹಳ ಮುಖ್ಯ. ತರಕಾರಿ ಬೆಂದ ಮೇಲೆ ಒಲೆ ಆರಿಸಿ, ಕುದಿತ ಪೂರ್ತಿ ನಿಲ್ಲಲಿ, ಒಂದೆರಡು ನಿಮಿಷ ಬಿಡಿ. ಆಮೇಲೆ ಬಿಲ್ಲೆಯನ್ನು ಸಣ್ಣಗೆ ಕತ್ತರಿಸಿ ಹಾಕಿ ಕಲಕಿ. ಕುದಿಯುವ ನೀರಿಗೆ ಹಾಕಿದರೆ ಹೊರಗಿನ ಹಿಟ್ಟು ತಕ್ಷಣ ಬೆಂದು ಅಂಟಿನ ಪೊರೆಯಾಗುತ್ತದೆ, ಒಳಗಿನ ಹಿಟ್ಟು ಒಣಗಿಯೇ ಉಳಿದು ಗಂಟು ಕಟ್ಟುತ್ತದೆ. ಪೂರ್ತಿ ಕರಗಿದ ಮೇಲೆ ಮತ್ತೆ ಸಣ್ಣ ಉರಿ ಹಚ್ಚಿ, ಅಕ್ಕಿಹಿಟ್ಟಿನ ನೀರು ಸೇರಿಸಿ, ತಳ ಕೆರೆಯುತ್ತಾ 8–10 ನಿಮಿಷ ಕುದಿಸಿ. ಕುಕ್ಕರ್‌ನಲ್ಲಿ ತರಕಾರಿಗೆ ಒಂದು ಕೂಗು ಹಾಕಿಸಬಹುದು. ಬಿಲ್ಲೆ ಹಾಕಿದ ಮೇಲೆ ಮುಚ್ಚಳ ಹಾಕಿ ಕೂಗಿಸಿದರೆ ತಳ ಹಿಡಿದು ಸೀಯುವುದು ಖಂಡಿತ.

ಚೆನ್ನಾಗಿ ಮಂದ ಬಂದ ಕರ್ರಿ ಅರ್ಧ ಗಂಟೆಯಲ್ಲಿ ಸಾರಿನ ಹಾಗೆ ನೀರಾಗುವುದುಂಟು. ಬಿಲ್ಲೆ ಕೆಟ್ಟಿದೆ ಅಂತ ಬೈಯುವವರೇ ಹೆಚ್ಚು, ತಪ್ಪು ಬಿಲ್ಲೆಯದಲ್ಲ. ರುಚಿ ನೋಡಿದ ಸೌಟನ್ನೇ ಮತ್ತೆ ಪಾತ್ರೆಗೆ ಇಳಿಸಿದರೆ ಎಂಜಲಿನಲ್ಲಿರುವ ಅಮೈಲೇಸ್ ಕಿಣ್ವ ಹಿಟ್ಟಿನ ಪಿಷ್ಟವನ್ನು ಒಡೆದುಹಾಕುತ್ತದೆ. ಜೇನಿನಲ್ಲೂ ಅದೇ ಕಿಣ್ವ ಇದೆ. ಶಿರಸಿ ಸೀಮೆಯಲ್ಲಿ ಕಾಯಿಸದ ಕಾಡುಜೇನು ಮನೆಯಲ್ಲಿರುವುದು ಸಾಮಾನ್ಯ. ಸಿಹಿಗೆಂದು ಅದನ್ನು ಕೊನೆಯಲ್ಲಿ ಒಂದು ಚಮಚ ಹಾಕಿದರೂ ಕರ್ರಿ ತೆಳ್ಳಗಾಗುತ್ತದೆ. ಜೇನು ಹಾಕಲೇಬೇಕೆಂದರೆ ಬಿಲ್ಲೆ ಹಾಕುವುದಕ್ಕೆ ಮೊದಲೇ ಹಾಕಿ 20 ನಿಮಿಷ ಕುದಿಸಬೇಕು. ಸೂಕ್ಷ್ಮ ಹೊಟ್ಟೆಗೆ ಜೇನಿನ ಬದಲು ಜೋನಿ ಬೆಲ್ಲವೇ ಸರಿ. ಬೆಲ್ಲದಲ್ಲಿ ಬಹುಪಾಲು ಸುಕ್ರೋಸ್, ಅಂದರೆ ಫ್ರಕ್ಟೋಸ್ ಎಷ್ಟಿದೆಯೋ ಗ್ಲೂಕೋಸ್ ಕೂಡ ಅಷ್ಟೇ. ಜೊತೆಯಲ್ಲಿ ಗ್ಲೂಕೋಸ್ ಇದ್ದರೆ ಫ್ರಕ್ಟೋಸ್ ಸುಲಭವಾಗಿ ಹೀರಿಕೆಯಾಗುತ್ತದೆ.

ಈರುಳ್ಳಿಯ ಪ್ರಶ್ನೆ ಇದಕ್ಕಿಂತ ದೊಡ್ಡದು. ಯಾವ ಪೆಟ್ಟಿಗೆಯ ಹಿಂದೆ ನೋಡಿದರೂ ಒಂದೆರಡು ದೊಡ್ಡ ಈರುಳ್ಳಿ ಬಾಡಿಸಿ ಅಂತ ಬರೆದಿರುತ್ತದೆ. ಬಿಲ್ಲೆಯಲ್ಲಿ ಈರುಳ್ಳಿ ಇಲ್ಲದಿದ್ದರೇನು, ಪಾತ್ರೆಗೆ ನಾವೇ ಹಾಕಿದೆವಲ್ಲ! ಬೇಸಿಗೆಯಲ್ಲಿ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕುವ ಕುಮಟಾದ ಸಿಹಿ ಈರುಳ್ಳಿಯಾದರೆ ಆದೀತು ಅನ್ನುವವರಿದ್ದಾರೆ. ಅದರಲ್ಲಿ ಘಾಟು ಕಡಿಮೆ, ಹಸಿಯಾಗಿ ತಿನ್ನಲೂ ಸೊಗಸು, ಆದರೆ ಫ್ರಕ್ಟಾನ್ ಇಲ್ಲ ಅಂತಲ್ಲ. ಬೇಯಿಸಿದರೂ ಅದು ಮಾಯವಾಗುವುದಿಲ್ಲ, ರಸಕ್ಕೆ ಇಳಿಯುತ್ತದೆ. ಹೋಳನ್ನು ಬದಿಗಿಟ್ಟು ರಸ ಉಂಡರೂ ಅದೇ ಫಲ.

ದಾರಿ ಇಲ್ಲದೆ ಇಲ್ಲ. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆ–ತುಪ್ಪದಲ್ಲಿ ಕರಗುವುದಿಲ್ಲ. ಈರುಳ್ಳಿ–ಬೆಳ್ಳುಳ್ಳಿಯ ಪರಿಮಳ ಮಾತ್ರ ಜಿಡ್ಡಿಗೆ ಇಳಿಯುತ್ತದೆ. ಆದ್ದರಿಂದ ಈರುಳ್ಳಿಯನ್ನು ನಾಲ್ಕು ದಪ್ಪ ಹೋಳು ಮಾಡಿ, ಬೆಳ್ಳುಳ್ಳಿ ಎಸಳನ್ನು ಜಜ್ಜದೆ ಇಡಿಯಾಗಿ, ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಕೆಂಪಗಾಗುವವರೆಗೆ ಹುರಿಯಿರಿ. ಆಮೇಲೆ ಜಾಲರಿಯಲ್ಲಿ ಸೋಸಿ ಹೋಳನ್ನೆಲ್ಲ ತೆಗೆದುಬಿಡಿ, ಹಿಂಡಬೇಡಿ. ಸೋಸುವ ಮುಂಚೆ ಬಾಣಲೆಗೆ ಹನಿ ನೀರೂ ಬೀಳಬಾರದು. ಮೆಣಸಿನಕಾಯಿಗೆ ಇದೇ ಉಪಾಯ ನಡೆಯುವುದಿಲ್ಲ, ಅಲ್ಲಿ ಲೆಕ್ಕ ಉಲ್ಟಾ. ಖಾರದ ಕ್ಯಾಪ್ಸೈಸಿನ್ ಜಿಡ್ಡಿನಲ್ಲೇ ಕರಗುವ ವಸ್ತು. ಒಗ್ಗರಣೆಗೆ ಹಾಕಿ ಮೆಣಸಿನಕಾಯಿ ಎತ್ತಿ ಹಾಕಿದರೂ ಖಾರವೆಲ್ಲ ತುಪ್ಪದಲ್ಲೇ ಉಳಿದಿರುತ್ತದೆ. ಬಣ್ಣಕ್ಕೆ ಬ್ಯಾಡಗಿಯನ್ನೂ ಹಾಕದಿರುವುದು ಕ್ಷೇಮ.

ಇನ್ನು ಮನೆಯ ಬಿಲ್ಲೆ. ನಾಲ್ಕು ಜನಕ್ಕೆ ತುಪ್ಪ 30 ಗ್ರಾಂ, ಅಕ್ಕಿಹಿಟ್ಟು 30 ಗ್ರಾಂ, ಕರ್ರಿ ಪುಡಿ 8 ಗ್ರಾಂ, ನೀರು 600 ಮಿಲಿ. ಆಲೂಗಡ್ಡೆ 250 ಗ್ರಾಂ, ಕ್ಯಾರೆಟ್ 150 ಗ್ರಾಂ, ಬೀನ್ಸ್ ಒಂದು ಹಿಡಿ, ಶುಂಠಿ ಒಂದು ಸಣ್ಣ ತುಂಡು, ಜೋನಿ ಬೆಲ್ಲ 2 ಚಮಚ, ಉಪ್ಪು 1 ಚಮಚಕ್ಕೆ ತುಸು ಮೇಲೆ. ಕರ್ರಿ ಪುಡಿಗೆ ಕೊತ್ತಂಬರಿ 4 ಭಾಗ, ಜೀರಿಗೆ 2, ಅರಿಶಿನ 1½, ಬಡೆಸೋಂಪು 1, ಮೆಂತ್ಯ, ದಾಲ್ಚಿನ್ನಿ, ಕಾಳುಮೆಣಸು ಕಾಲು ಕಾಲು ಭಾಗ, ಒಂದೆರಡು ಲವಂಗ–ಏಲಕ್ಕಿ, ಒಣಗಿಸಿದ ಕಿತ್ತಳೆ ಸಿಪ್ಪೆ ಚೂರು. ಕಿತ್ತಳೆ ಸಿಪ್ಪೆ ಬಿಡಬೇಡಿ, ಸಾಂಬಾರಿನ ವಾಸನೆಯಿಂದ ಇದನ್ನು ಬೇರೆ ಮಾಡುವುದು ಅದೇ. ಇಂಗು ಹಾಕುವವರು ಡಬ್ಬಿ ನೋಡಿ: ಅಂಗಡಿಯ ಪುಡಿ ಇಂಗಿಗೆ ಹೆಚ್ಚಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ.

ಅಕ್ಕಿಹಿಟ್ಟು ನುಣ್ಣಗಿರಬೇಕು. ಗಿರಣಿಯಿಂದ ರೊಟ್ಟಿಗೆಂದು ಬೀಸಿಸಿದ ಹಿಟ್ಟು ಹಾಗೇ ಹಾಕಿದರೆ ಎಷ್ಟು ಕುದಿಸಿದರೂ ನಾಲಿಗೆಗೆ ಮರಳು ಮರಳಾಗಿ ಸಿಗುತ್ತದೆ. ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ತೆಗೆದ ಹಿಟ್ಟನ್ನಷ್ಟೇ ಬಳಸಿ. ಸೋಸಿದ ತುಪ್ಪಕ್ಕೆ ಹಿಟ್ಟು ಹಾಕಿ ಸಣ್ಣ ಉರಿಯಲ್ಲಿ 8–10 ನಿಮಿಷ ಕೈಬಿಡದೆ ಹುರಿಯಿರಿ. ಮೊದಲು ಮುದ್ದೆಯಾಗಿ, ಆಮೇಲೆ ಸಡಿಲವಾಗಿ, ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತದೆ. ಹಸಿ ವಾಸನೆ ಹೋಗಿ ಹುರಿದ ಅಕ್ಕಿಯ ಘಮ ಬಂದು, ಬಣ್ಣ ತಿಳಿ ಬಾದಾಮಿಗೆ ತಿರುಗಿದರೆ ಹದ. ಇನ್ನೂ ಕಪ್ಪಗೆ ಹುರಿದರೆ ಪಿಷ್ಟ ಒಡೆದು ಮಂದ ಬರುವ ಶಕ್ತಿ ಕುಗ್ಗುತ್ತದೆ. ಒಲೆ ಆರಿಸಿದ ಮೇಲೆಯೇ ಕರ್ರಿ ಪುಡಿ ಹಾಕಿ, ಬಾಣಲೆಯ ಬಿಸಿಯೇ ಸಾಕು. ಉರಿಯ ಮೇಲೆ ಹಾಕಿದರೆ ಮೆಂತ್ಯ ಕ್ಷಣದಲ್ಲಿ ಸೀದು ಇಡೀ ಪಾತ್ರೆ ಕಹಿಯಾಗುತ್ತದೆ, ಬೆಲ್ಲ ಎಷ್ಟು ಸುರಿದರೂ ಆ ಕಹಿ ಹೋಗುವುದಿಲ್ಲ. ಆಮೇಲೆ ತರಕಾರಿ ಬೆಂದ ಬೆಚ್ಚಗಿನ ನೀರನ್ನು ಒಂದೊಂದೇ ಸೌಟು ಹಾಕಿ ಕಲಸಿ, ತೆಳ್ಳಗಾದ ಮೇಲೆ ತರಕಾರಿಯ ಪಾತ್ರೆಗೆ ಸುರಿದು ಬೆಲ್ಲ, ಉಪ್ಪು ಹಾಕಿ 10 ನಿಮಿಷ ಕುದಿಸಿ.

ಮಾಡಿಟ್ಟುಕೊಳ್ಳುವವರಿಗೆ ಕರಾವಳಿಯ ಸೆಕೆಯದೊಂದು ಕಷ್ಟ: ತುಪ್ಪದ ಬಿಲ್ಲೆ ಬೇಸಿಗೆಯಲ್ಲಿ ಗಟ್ಟಿ ನಿಲ್ಲುವುದಿಲ್ಲ. ತುಪ್ಪದ ಅರ್ಧ ಭಾಗದ ಬದಲು ಮುರುಗಲ (ಪುನರ್ಪುಳಿ) ಬೀಜದ ತುಪ್ಪ ಸೇರಿಸಿದರೆ ಬಿಲ್ಲೆ ಗಟ್ಟಿಯಾಗಿ, ಚಾಕುವಿಗೆ ಸಿಗುವ ಹಾಗೆ ಹೆಪ್ಪಾಗುತ್ತದೆ. ಕೋಣೆಯ ಶಾಖದಲ್ಲಿ ಗಟ್ಟಿಯಾಗಿಯೇ ಇರುವುದು ಅದರ ಗುಣ. ಹೆಚ್ಚು ಹಾಕಿದರೆ ಆರಿದ ಊಟ ಬಾಯಿಗೆ ಮೇಣದಂತೆ ಅಂಟುತ್ತದೆ. ಪೆಟ್ಟಿಗೆಯ ಬಿಲ್ಲೆಯನ್ನೂ ಒಡೆದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ, ಮಳೆಗಾಲದ ತೇವ ಅದಕ್ಕೆ ಆಗದು. ಮೇಲೆ ಬಿಳಿಯ ಪದರ ಕಂಡರೆ ಅದು ಸಾಮಾನ್ಯವಾಗಿ ಸೆಕೆಗೆ ಕರಗಿ ಮತ್ತೆ ಗಟ್ಟಿಯಾದ ಕೊಬ್ಬು. ನೂಲು ನೂಲಾಗಿದ್ದರೆ, ಮುಗ್ಗಲು ವಾಸನೆ ಬಂದರೆ ಮಾತ್ರ ಬಿಸಾಡಿ.

ತರಕಾರಿ ದಪ್ಪ ಹೋಳಿರಲಿ, ಆಲೂಗಡ್ಡೆ ಹೋಳಿನ ಚೂಪು ಅಂಚನ್ನು ಚಾಕುವಿನಿಂದ ಸವರಿದರೆ ಕರಗಿ ಹೋಗುವುದಿಲ್ಲ. ಜೊತೆಗೆ ಗಟ್ಟಿ ತೋಫು ಆದೀತು, ಮೆತ್ತನೆಯ ತೋಫು ವಾಯುವಿನವರಿಗೆ ಬೇಡ. ಮೀನು ತಿನ್ನುವವರಿಗೆ ಕಾರವಾರದ ತಾಜಾ ಸೀಗಡಿಗಿಂತ ಒಳ್ಳೆಯದಿಲ್ಲ; ಕರಿನರ ತೆಗೆದು, ಕೊನೆಯ 3 ನಿಮಿಷಕ್ಕೆ ಹಾಕಿ, ಬಣ್ಣ ತಿರುಗಿದ ಕೂಡಲೇ ಒಲೆ ಆರಿಸಿ. ಗೋಡಂಬಿ ಅರೆದು ಹಾಕುವ ಆಸೆ ಬೇಡ, ಅದೂ ಉಬ್ಬರ ತರುವ ಗುಂಪಿಗೇ ಸೇರಿದ್ದು. ಹಸಿರಿಗೆ ಈರುಳ್ಳಿ ಸೊಪ್ಪಿನ ಮೇಲಿನ ಹಸಿರು ಭಾಗ ಮಾತ್ರ ಹೆಚ್ಚಿ ಉದುರಿಸಿ, ಫ್ರಕ್ಟಾನ್ ಇರುವುದು ಕೆಳಗಿನ ಬಿಳಿ ಬುಡದಲ್ಲಿ.

ಅನ್ನದ ವಿಷಯದಲ್ಲಿ ಜಪಾನಿನ ಗಿಡ್ಡ ಅಕ್ಕಿಯನ್ನೇ ಹುಡುಕಬೇಕಿಲ್ಲ. ಕರಾವಳಿಯ ಕುಚ್ಚಲಕ್ಕಿ ಬಿಡಿಬಿಡಿ ನಿಲ್ಲುತ್ತದೆ, ನಾರೂ ಹೆಚ್ಚು. ಹೊಟ್ಟೆ ಸರಿಯಿರುವ ದಿನಕ್ಕೆ ಒಳ್ಳೆಯದು. ಕೆಟ್ಟ ದಿನಕ್ಕೆ ಬೆಳ್ತಿಗೆ ಅನ್ನ, ಒಂದಕ್ಕೆ ಎರಡೂವರೆ ನೀರು ಹಾಕಿ ಮೆತ್ತಗೆ ಮಾಡಿದ್ದು. ಜಪಾನಿನವರು ನಂಚಿಕೊಳ್ಳುವ ರಕ್ಕ್ಯೋ ಉಪ್ಪಿನಕಾಯಿ ಈರುಳ್ಳಿ ಜಾತಿಯದೇ, ಬೇಡ. ನಮ್ಮ ಅಪ್ಪೆಮಿಡಿಗೂ ಅವತ್ತು ರಜೆ ಕೊಡಿ. ಉಪ್ಪು ಸವರಿದ ಎಳೆ ಸೌತೆಕಾಯಿ ಸಾಕು.

ಇಷ್ಟೆಲ್ಲ ಸರಿಮಾಡಿಯೂ ಹೊಟ್ಟೆ ಕೆಡುವ ಇನ್ನೊಂದು ದಾರಿಯಿದೆ. ಕರ್ರಿ ಮರುದಿನ ಹೆಚ್ಚು ರುಚಿ ಅಂತ ರಾತ್ರಿ ಪಾತ್ರೆಯಲ್ಲೇ, ಒಲೆಯ ಮೇಲೆ ಬಿಡುವ ರೂಢಿ. ಮಂದಗಿನ ಗೊಜ್ಜು ನಿಧಾನ ಆರುತ್ತದೆ, ನಡುವೆ ಗಾಳಿಯೂ ಸೇರುವುದಿಲ್ಲ. ಕುದಿಸಿದರೂ ಸಾಯದೆ ಉಳಿಯುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳಿಗೆ ಅದೇ ಬೇಕು. 43–45 ಡಿಗ್ರಿಯಲ್ಲಿ ಅವು ಬಹಳ ಬೇಗ ಹೆಚ್ಚುತ್ತವೆ. ಜಪಾನಿನಲ್ಲೂ ಇದು ಗೊತ್ತಿರುವ ತೊಂದರೆ, ಕಾರವಾರದ ಸೆಕೆಯಲ್ಲಿ ಕೇಳುವುದೇ ಬೇಡ. ಉಳಿದದ್ದನ್ನು ಅಗಲವಾದ ಎರಡು ಮೂರು ತಟ್ಟೆಗೆ ತೆಳ್ಳಗೆ ಹರಡಿ, ತಣ್ಣೀರಿನ ಮೇಲಿಟ್ಟು ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಹಾಕಿ. ಮರುದಿನ ಬಿಸಿ ಮಾಡುವಾಗ ಅಂಚಿನ ಗುಳ್ಳೆ ನೋಡಿ ಇಳಿಸಬೇಡಿ, ತಳದಿಂದ ಕಲಕುತ್ತಾ ನಡುವಿನವರೆಗೂ ಕುದಿ ಬರಲಿ. ಫ್ರೀಜರ್‌ನಲ್ಲಿ ಇಡುವುದಾದರೆ ಆಲೂಗಡ್ಡೆಯನ್ನು ಮೊದಲು ಹೆಕ್ಕಿ ತೆಗೆಯಿರಿ, ಇಲ್ಲದಿದ್ದರೆ ಕರಗಿದಾಗ ಅದು ನೀರು ಬಿಟ್ಟು ಸ್ಪಂಜಿನಂತಾಗುತ್ತದೆ.